ಮಗಳಿಗೊಂದು ಪತ್ರ: ಗುಡಿಸದೆ ಬಿಟ್ಟ ಬಲೆ

ಪ್ರೀತಿಯ ಪುಟ್ಟಿ,

ಹದಿನಾರು ತುಂಬಿದವಳನ್ನು ಪುಟ್ಟಿ ಅನ್ನಬೇಡ ಎಂದು ಎಷ್ಟೋ ಸಲ ಹೇಳಿದ್ದೀಯ. ಇದೊಂದು ಪತ್ರದ ಮಟ್ಟಿಗೆ ಒಪ್ಪಿಕೋ. ಎದುರು ಕೂತೇ ಮಾತಾಡಬೇಕು ಅಂದುಕೊಂಡು ಮೂರು ದಿನ ಕಳೆದೆ. ನಿನ್ನ ಕೋಣೆಯ ಬಾಗಿಲವರೆಗೆ ಬಂದು ವಾಪಸ್ ಹೋಗಿದ್ದೇನೆ. ಬಾಯಿ ತೆರೆದರೆ ಮತ್ತೆ ಬುದ್ಧಿವಾದವೇ ಹೊರಬರುತ್ತದೇನೋ ಎಂಬ ಹೆದರಿಕೆ. ಬರೆಯುವಾಗ ಬೇಡದ ಮಾತು ಬಂದರೆ ಹೊಡೆದುಹಾಕಬಹುದು. ಈ ಹಾಳೆಗೆ ಮುಂಚೆ ಎರಡು ಹಾಳೆ ಹರಿದಿದ್ದಾಯಿತು.

ಭಾನುವಾರದ ಸಂಜೆ ಕಣ್ಣಿಂದ ಹೋಗುತ್ತಿಲ್ಲ. ಅಜ್ಜ ಎಂದಿನಂತೆ ನಿನ್ನ ತಲೆ ಸವರಿ, "ದೊಡ್ಡಮ್ಮ ಆಯ್ತು, ಮಾವ ಆಯ್ತು, ಇನ್ನು ನಮ್ಮನೆಯ ಮೂರನೇ ಡಾಕ್ಟರು ಇವಳೇ" ಅಂದರು. ಐದನೇ ವಯಸ್ಸಿನಿಂದಲೂ ಆ ಮಾತಿಗೆ ನೀನು ನಕ್ಕು ಸುಮ್ಮನಾಗುತ್ತಿದ್ದೆ. ಅವತ್ತು ನಗಲಿಲ್ಲ. "ನಾನು ಡಾಕ್ಟರ್ ಆಗಲ್ಲ ಅಜ್ಜ" ಅಂದೆ, ದನಿ ಏರಿಸದೆ.

"ಮತ್ತೇನಾಗ್ತೀಯಮ್ಮ?"

"ಗೊತ್ತಿಲ್ಲ."

ಆ 'ಗೊತ್ತಿಲ್ಲ' ಕೇಳಿ ನಾನು ಬೆಚ್ಚಿಬಿದ್ದೆ. ಇನ್ಯಾವುದೋ ಕೆಲಸದ ಹೆಸರು ಹೇಳಿದ್ದರೆ ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಎಲ್ಲರ ಎದುರೇ, "ಗೊತ್ತಿಲ್ಲದವರು ಗೊತ್ತಿರೋರು ಹೇಳಿದ್ದನ್ನ ಕೇಳಬೇಕು" ಅಂದುಬಿಟ್ಟೆ. ನೀನು ಅಜ್ಜನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದೆ. ಅಮ್ಮ ನನ್ನ ಪರ ನಿಲ್ಲುತ್ತಾಳೆ ಅಂದುಕೊಂಡಿದ್ದೆಯೇನೋ. ಆಮೇಲೆ ನೀನು ಎದ್ದೆ. ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದು, ಸ್ವಲ್ಪ ಎತ್ತಿ, ಸದ್ದಾಗದ ಹಾಗೆ ಹಿಂದಕ್ಕಿಟ್ಟು ಒಳಗೆ ಹೋದೆ. ಅಷ್ಟು ನೋವಿನಲ್ಲೂ ಕುರ್ಚಿಯ ಸದ್ದಾಗಬಾರದು ಅನ್ನೋದು ನಿನಗೆ ನೆನಪಿತ್ತು. ಅದನ್ನು ನೋಡಿ ನನಗೆ ಹೊಟ್ಟೆಯೊಳಗೆ ಏನೋ ಹಿಂಡಿದಂತಾಯಿತು. ಸದ್ದು ಮಾಡದಿರುವುದನ್ನು ನಿನಗೆ ಕಲಿಸಿದವರು ನಾವೇ. ಇವಳು ಎಷ್ಟು ಒಳ್ಳೆಯವಳು, ಒಂದು ದಿನ ಎದುರು ಮಾತಾಡಿದವಳಲ್ಲ ಅಂತ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ. ನೀನು ಸುಮ್ಮನಿದ್ದದ್ದನ್ನೆಲ್ಲ ಒಪ್ಪಿಗೆ ಅಂತಲೇ ಲೆಕ್ಕ ಹಾಕಿಕೊಂಡೆ. ನನ್ನ ತಪ್ಪು ಅಲ್ಲೇ ಇರುವುದು, ಪುಟ್ಟಿ. ಆ ಒಂದು ಸಂಜೆಯದ್ದಲ್ಲ, ಹತ್ತು ಹನ್ನೊಂದು ವರ್ಷಗಳದ್ದು.

ರಾತ್ರಿ ನಿನ್ನಪ್ಪ ತುಂಬ ಹೊತ್ತು ಸುಮ್ಮನಿದ್ದು ಒಂದೇ ಮಾತು ಕೇಳಿದರು: "ಅವಳಿಗೆ ಏನಿಷ್ಟ ಅಂತ ನಮಗೆ ಗೊತ್ತಾ?" ನಾನು ಸಿಟ್ಟಿನಿಂದಲೇ ಶುರು ಮಾಡಿದೆ. ನಿನ್ನ ರಕ್ತದ ಗುಂಪು ಗೊತ್ತು. ಚಪ್ಪಲಿಯ ಅಳತೆ ಗೊತ್ತು. ಕಳೆದ ಮೂರು ವರ್ಷ ಪ್ರತಿಯೊಂದು ವಿಷಯದಲ್ಲಿ ಎಷ್ಟೆಷ್ಟು ಅಂಕ ಬಂತು ಅಂತ ನೋಡದೆ ಹೇಳಬಲ್ಲೆ. ಜ್ವರ ಬಂದರೆ ಯಾವ ಮಾತ್ರೆ ನಿನಗೆ ಒಗ್ಗುವುದಿಲ್ಲ ಅನ್ನುವುದೂ ಗೊತ್ತು. ಇಷ್ಟದ್ದು ಅಂತ ಬಂದಾಗ ನಾನು ಹೇಳಿದ್ದೆಲ್ಲ ನಿನಗೆ ಎಂಟೋ ಒಂಬತ್ತೋ ವರ್ಷವಿದ್ದಾಗಿನದು. ಅಲ್ಲಿಂದ ಈಚೆಗೆ ಇಬ್ಬರಿಗೂ ಒಂದೂ ಹೊಳೆಯಲಿಲ್ಲ.

ಆಮೇಲೆ ಆ ನೋಟುಪುಸ್ತಕ ನೆನಪಾಯಿತು.

ಹೋದ ತಿಂಗಳು ನಿನ್ನ ಮೇಜು ಒರೆಸುವಾಗ ಅದು ತೆರೆದೇ ಇತ್ತು. ಓದಬಾರದಿತ್ತು, ಓದಿದೆ. ವರಾಂಡದ ದೀಪದ ಹತ್ತಿರ ಬಲೆ ಕಟ್ಟುವ ಜೇಡದ ಬಗ್ಗೆ ಇಪ್ಪತ್ತಕ್ಕೂ ಹೆಚ್ಚು ಪುಟ. ಪೆನ್ಸಿಲ್ಲಿನಲ್ಲಿ ಚಿತ್ರ, ಪಕ್ಕದಲ್ಲಿ ಗಂಟೆ, ನಿಮಿಷ. ಮೊದಲು ನಡುವಿನಿಂದ ಅಂಚಿಗೆ ಎಳೆ ಎಳೆಯುತ್ತದೆ, ಅವು ಅಂಟುವುದಿಲ್ಲ. ಆಮೇಲೆ ನಡುವಿನಿಂದ ಹೊರಕ್ಕೆ ವಿರಳವಾದ ಒಂದು ಸುರುಳಿ, ಅದೂ ಅಂಟಿಲ್ಲದ್ದು. ಅದರ ಮೇಲೆ ಓಡಾಡಿಕೊಂಡು ಹೊರಗಿನಿಂದ ಒಳಕ್ಕೆ ಅಂಟಿನ ಸುರುಳಿ ಸುತ್ತುತ್ತದೆ, ಸುತ್ತುತ್ತಲೇ ಮೊದಲಿನ ಸುರುಳಿಯನ್ನು ತೆಗೆಯುತ್ತಾ ಬರುತ್ತದೆ. ಇದಕ್ಕೆಲ್ಲ 48 ನಿಮಿಷ ಅಂತ ಬರೆದಿದ್ದೆ. ಹಳೆಯ ಬಲೆಯನ್ನು ಜೇಡ ತಾನೇ ತಿಂದು, ಅದೇ ಜಾಗದಲ್ಲಿ ಹೊಸದು ಕಟ್ಟಿದ್ದನ್ನು ಬರೆದ ಪುಟದ ಕೆಳಗೆ ನಿನ್ನ ಅಕ್ಷರದಲ್ಲಿ ಒಂದು ಪ್ರಶ್ನೆ: "ನಿನ್ನೆಯದು ಚೆನ್ನಾಗೇ ಇತ್ತಲ್ಲ, ಯಾಕೆ ತಿಂದಿತು?"

ಅಷ್ಟು ಜೀವಂತವಾದ ಅಕ್ಷರ ನಿನ್ನ ಯಾವ ಶಾಲೆಯ ಪುಸ್ತಕದಲ್ಲೂ ನಾನು ನೋಡಿರಲಿಲ್ಲ. ರಾತ್ರಿ ಹತ್ತಾದ ಮೇಲೆ ವರಾಂಡದ ದೀಪ ಆರಿಸಿ, ಮಲಗು, ಬೆಳಿಗ್ಗೆ ಎದ್ದು ಓದಬೇಕು ಎಂದು ನಾನು ಎಷ್ಟು ಸಲ ಗದರಿದ್ದೆನೋ, ಅಷ್ಟೂ ಸಲ ನೀನು ಈ ಕೆಲಸದ ನಡುವೆ ಇದ್ದೆ.

ಆದರೆ ಅವತ್ತು ನಾನು ಮಾಡಿದ್ದೇನು? ನೀನು ಬಂದ ಕೂಡಲೇ ನೋಟುಪುಸ್ತಕ ಎತ್ತಿ ಹಿಡಿದು, "ಇದನ್ನ ವಿಜ್ಞಾನ ಸ್ಪರ್ಧೆಗೆ ಕಳಿಸೋಣ, ಬಹುಮಾನ ಗ್ಯಾರಂಟಿ, ಪ್ರಾಣಿಗಳ ಬಗ್ಗೆ ಆಸಕ್ತಿ ಅಂದರೆ ಮೆಡಿಕಲ್‌ಗೂ ಸಹಾಯ ಆಗುತ್ತೆ" ಅಂದೆ. ನಿನ್ನ ಮುಖ ಕ್ಷಣದಲ್ಲಿ ಮುಚ್ಚಿಕೊಂಡಿತು. ನೀನು ಪುಸ್ತಕ ಕಿತ್ತುಕೊಂಡು ಡ್ರಾಯರಿಗೆ ಹಾಕಿದೆ. ಹೊಗಳಿದರೆ ಯಾಕೆ ಕೋಪ ಅಂತ ನನಗೆ ಅರ್ಥವಾಗಿರಲಿಲ್ಲ.

ಈಗ ಸ್ವಲ್ಪ ಅರ್ಥವಾಗುತ್ತಿದೆ. ಈ ಮೂರು ರಾತ್ರಿ ನಿದ್ದೆ ಬಾರದೆ ಓದುತ್ತಾ ಕೂತಿದ್ದೆ. 1973ರಲ್ಲಿ ಮಾರ್ಕ್ ಲೆಪ್ಪರ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಒಂದು ಪ್ರಯೋಗ ಮಾಡಿದ್ದರು. ತಮ್ಮಷ್ಟಕ್ಕೆ ಖುಷಿಯಿಂದ ಚಿತ್ರ ಬಿಡಿಸುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಚಿತ್ರ ಬಿಡಿಸಿದರೆ ರಿಬ್ಬನ್ ಕಟ್ಟಿದ ಪ್ರಮಾಣಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಕೊಟ್ಟರು ಕೂಡ. ಒಂದೆರಡು ವಾರ ಬಿಟ್ಟು ನೋಡಿದರೆ, ಬಹುಮಾನಕ್ಕಾಗಿ ಬಿಡಿಸಿದ ಆ ಮಕ್ಕಳು ಬಿಡುವಿನ ಸಮಯದಲ್ಲಿ ಬಣ್ಣದ ಪೆನ್ನು ಮುಟ್ಟುವುದು ಉಳಿದ ಮಕ್ಕಳಿಗಿಂತ ಸುಮಾರು ಅರ್ಧಕ್ಕೆ ಇಳಿದಿತ್ತು. ಹೇಳದೇ ಕೊನೆಗೆ ಬಹುಮಾನ ಕೊಟ್ಟ ಮಕ್ಕಳಲ್ಲಿ ಹಾಗಾಗಿರಲಿಲ್ಲ. ಆಟವಾಗಿದ್ದದ್ದು ಯಾರಿಗೋ ಒಪ್ಪಿಸಬೇಕಾದ ಕೆಲಸವಾಗಿತ್ತು. ನಾನೂ ನಿನ್ನ ಜೇಡಕ್ಕೆ ರಿಬ್ಬನ್ ಕಟ್ಟಲು ಹೊರಟಿದ್ದೆ. ಇಡೀ ದಿನದಲ್ಲಿ ಯಾರ ಲೆಕ್ಕಕ್ಕೂ ಸೇರದೆ ನಿನ್ನದಾಗಿ ಉಳಿದಿದ್ದದ್ದು ಅದೊಂದೇ. ಅದಕ್ಕೂ ಕೈ ಹಾಕಿದೆ.

ಇನ್ನೊಂದು ಓದಿದ್ದು ನನ್ನನ್ನೇ ಹಿಡಿದು ನಿಲ್ಲಿಸಿತು. ಜೇಮ್ಸ್ ಮಾರ್ಸಿಯಾ ಎಂಬ ಮನಶ್ಶಾಸ್ತ್ರಜ್ಞ 1966ರಲ್ಲಿ, 'ನಾನು ಯಾರು' ಎಂಬ ಪ್ರಶ್ನೆಯ ಮುಂದೆ ಯುವಕರು ನಾಲ್ಕು ಬಗೆಯಾಗಿ ನಿಲ್ಲುತ್ತಾರೆ ಎಂದು ತೋರಿಸಿದ. ಹುಡುಕಿ ಕಂಡುಕೊಂಡವರು, ಇನ್ನೂ ಹುಡುಕುತ್ತಿರುವವರು, ಹುಡುಕುವ ಗೋಜಿಗೇ ಹೋಗದವರು. ನಾಲ್ಕನೆಯವರು, ಹುಡುಕುವ ಮುಂಚೆಯೇ ಹಿರಿಯರು ಕೊಟ್ಟದ್ದನ್ನು ತಮ್ಮದೆಂದು ಇಟ್ಟುಕೊಂಡವರು. ಈ ನಾಲ್ಕನೆಯವರು ತಮಗೆ ಎಟುಕದಷ್ಟು ಎತ್ತರದ ಗುರಿ ಇಟ್ಟುಕೊಳ್ಳುತ್ತಿದ್ದರಂತೆ. ಅದನ್ನು ಓದಿದಾಗ, ನೂರಕ್ಕೆ ತೊಂಬತ್ತಾರು ಬಂದ ದಿನ ಉಳಿದ ನಾಲ್ಕಕ್ಕಾಗಿ ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ನೀನು ಅತ್ತದ್ದು ನೆನಪಾಯಿತು. ನನಗೆ ಅಳು ಕೇಳಿಸಿತ್ತು. ಪರವಾಗಿಲ್ಲ, ಮುಂದಿನ ಸಲ ಚೆನ್ನಾಗಿ ಮಾಡುತ್ತಾಳೆ ಅಂದುಕೊಂಡು ಸುಮ್ಮನಿದ್ದೆ.

ನಾನೂ ಆ ನಾಲ್ಕನೇ ಗುಂಪಿನವಳೇ. ನನ್ನ ಅಪ್ಪ ಇದನ್ನು ಓದು ಅಂದರು, ಓದಿದೆ. ಈ ಕೆಲಸ ಒಳ್ಳೆಯದು ಅಂದರು, ಸೇರಿದೆ. ಸುಳ್ಳು ಹೇಳುವುದಿಲ್ಲ, ನನಗೆ ಪಶ್ಚಾತ್ತಾಪವಿಲ್ಲ, ನನ್ನ ಕೆಲಸ ನನಗೆ ಇಷ್ಟ. ಕೊಟ್ಟ ಅಂಗಿ ನನಗೆ ಅಳತೆಗೆ ಸರಿಯಾಗಿ ಕೂತಿತು. ಹಾಗಾಗಿಯೇ, ಯಾರಿಗಾದರೂ ಅದು ಬಿಗಿಯಾಗಬಹುದು, ಉಸಿರು ಕಟ್ಟಬಹುದು ಎಂಬ ಯೋಚನೆಯೇ ನನಗೆ ಬರಲಿಲ್ಲ. 'ನಾನು ಕೇಳಿದೆ, ಚೆನ್ನಾಗಿಯೇ ಇದ್ದೇನಲ್ಲ' ಎಂಬುದೇ ನನ್ನ ದೊಡ್ಡ ವಾದವಾಗಿತ್ತು.

ಗಣಿತಜ್ಞೆ ಸೋಫಿ ಜರ್ಮೇನ್ ಹೆಸರು ನೀನು ಕೇಳಿದ್ದೀಯೋ ಇಲ್ಲವೋ. 1776ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದವಳು. ಹದಿಮೂರನೇ ವಯಸ್ಸಿಗೆ ಹೊರಗೆ ಫ್ರಾನ್ಸಿನ ಕ್ರಾಂತಿ, ಒಳಗೆ ಅಪ್ಪನ ಪುಸ್ತಕದ ಕಪಾಟು. ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್ ಲೆಕ್ಕದಲ್ಲಿ ಮುಳುಗಿದ್ದಾಗಲೇ ಸೈನಿಕನ ಕೈಯಲ್ಲಿ ಸತ್ತ ಕಥೆ ಓದಿ, ಸಾವನ್ನೂ ಮರೆಸುವ ಈ ಗಣಿತ ಅಂದರೇನು ಎಂದು ಅದರ ಬೆನ್ನು ಹತ್ತಿದಳು. ಹೆಣ್ಣುಮಗಳಿಗೆ ಇದು ತಕ್ಕದ್ದಲ್ಲ ಎಂದು ಮನೆಯವರಿಗೆ ಚಿಂತೆ. ರಾತ್ರಿ ಎದ್ದು ಓದದಿರಲಿ ಎಂದು ಕೋಣೆಯ ಬೆಂಕಿ ತೆಗೆಸಿದರಂತೆ, ಬೆಚ್ಚನೆಯ ಬಟ್ಟೆ ಎತ್ತಿಟ್ಟರಂತೆ, ಮೇಣದಬತ್ತಿ ಕಸಿದುಕೊಂಡರಂತೆ. ಒಂದು ಬೆಳಿಗ್ಗೆ ಬಂದು ನೋಡಿದರೆ ಕಂಬಳಿ ಸುತ್ತಿಕೊಂಡು ಮೇಜಿನ ಮೇಲೇ ನಿದ್ದೆಹೋಗಿದ್ದಳು, ಮಸಿಕುಡಿಕೆಯಲ್ಲಿ ಮಸಿ ಹೆಪ್ಪುಗಟ್ಟಿತ್ತು. ಆಮೇಲೆ ಮನೆಯವರು ತಡೆಯಲಿಲ್ಲ.

ಮುಂದೆ ಅವಳು ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲದ ಕಾಲೇಜಿನ ಪಾಠಗಳನ್ನು ತರಿಸಿಕೊಂಡು, ಲೆಬ್ಲಾಂ ಎಂಬ ಗಂಡಸಿನ ಹೆಸರಿನಲ್ಲಿ ಉತ್ತರ ಬರೆದು ಕಳಿಸಿದಳು. ಗಾಸ್‌ನಂಥ ಗಣಿತಜ್ಞನಿಗೂ ಮೊದಲು ಅದೇ ಹೆಸರಿನಲ್ಲಿ ಪತ್ರ ಬರೆದಳು. 1816ರಲ್ಲಿ ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಯ ಬಹುಮಾನ ಬಂದದ್ದು ಅವಳ ಸ್ವಂತ ಹೆಸರಿಗೆ.

ನೀನೂ ಹಾಗಾಗಬೇಕು ಅನ್ನುವುದಕ್ಕೆ ಇದನ್ನು ಹೇಳುತ್ತಿಲ್ಲ, ಪುಟ್ಟಿ. ದಯವಿಟ್ಟು ಹಾಗೆ ಓದಬೇಡ. ನನ್ನ ಮನಸ್ಸು ನಿಂತದ್ದು ಅವಳ ಅಮ್ಮನ ಮೇಲೆ. ಮೇಣದಬತ್ತಿ ಎತ್ತಿಟ್ಟವಳೂ ಮಗಳ ಒಳಿತಿಗೇ ಎಂದು ನಂಬಿ ಎತ್ತಿಟ್ಟಿರಬೇಕು, ನಾನು ವರಾಂಡದ ದೀಪ ಆರಿಸಿದ ಹಾಗೆ. ಹೆಪ್ಪುಗಟ್ಟಿದ ಮಸಿ ನೋಡಿದ ಬೆಳಿಗ್ಗೆ ಅವಳಿಗೆ ಹೇಗಾಗಿರಬಹುದು ಅಂತ ಯೋಚಿಸುತ್ತಾ ಕೂತಿದ್ದೆ.

ಒಂದು ಮಾತು ನಿನಗೂ ಹೇಳಬೇಕು, ಕೋಪ ಮಾಡಿಕೊಳ್ಳದೆ ಕೇಳು. ನಾವು ಬೇಕು ಅಂದದ್ದಕ್ಕೇ ಬೇಡ ಅನ್ನುವುದಾದರೆ ಆಗಲೂ ನಿನ್ನ ಪರವಾಗಿ ನಿರ್ಧಾರ ಮಾಡುತ್ತಿರುವವರು ನಾವೇ. ಡಾಕ್ಟರ್ ಕೆಲಸ ಬಿಡುವುದಾದರೆ ಅದು ನಿನಗೆ ಬೇಡವಾಗಿ ಬಿಡು, ನಮ್ಮ ಮೇಲಿನ ಸಿಟ್ಟಿಗೆ ಬೇಡ. ನಾಳೆ ಹುಡುಕುತ್ತಾ ಹುಡುಕುತ್ತಾ ಅದೇ ಬಾಗಿಲಿಗೆ ನೀನಾಗಿ ಬಂದರೂ ಸೋತೆ ಅಂದುಕೊಳ್ಳಬೇಡ. ಈ ವಯಸ್ಸಿನಲ್ಲಿ ಮಿದುಳೇ ಇನ್ನೂ ಕಟ್ಟಿಕೊಳ್ಳುತ್ತಿರುತ್ತದೆ, ಮುಂದಾಲೋಚನೆಯ ಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಎಷ್ಟೋ ವರ್ಷಕ್ಕೆ. ನಾವು ದೊಡ್ಡವರು ಇದನ್ನು 'ನಿನಗಿನ್ನೂ ತಿಳಿಯಲ್ಲ' ಅನ್ನಲು ಬಳಸುತ್ತೇವೆ. ಹದಿನಾರಕ್ಕೇ ಉತ್ತರ ಕೊಡು ಅಂತ ಒತ್ತಾಯಿಸುವವರೂ ನಾವೇ. ನಿನ್ನ 'ಗೊತ್ತಿಲ್ಲ' ಅವತ್ತು ಆ ಮನೆಯಲ್ಲಿ ಯಾರೂ ಆಡದಷ್ಟು ನಿಜವಾದ ಮಾತಾಗಿತ್ತು.

ಇನ್ನು ಮುಂದೆ ಯಾರಾದರೂ "ಮಗಳು ಏನಾಗ್ತಾಳೆ" ಅಂತ ಕೇಳಿದರೆ ನಿನ್ನ ಪರವಾಗಿ ನಾನು ಉತ್ತರ ಕೊಡುವುದಿಲ್ಲ. ಅಜ್ಜನ ಹತ್ತಿರ ನಾನೇ ಮಾತಾಡಿದ್ದೇನೆ. ಅವರಿಗೆ ನೋವಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಅವರ ಕನಸಿನಲ್ಲಿ ಪ್ರೀತಿಯೇ ಇತ್ತು, ಆದರೆ ಅದನ್ನು ಹೊರುವ ಕೆಲಸ ನಿನ್ನದಲ್ಲ. ಅವರ ನೋವನ್ನು ನಾನು, ಅಪ್ಪ ನೋಡಿಕೊಳ್ಳುತ್ತೇವೆ. ನಿನ್ನ ಕಾಲ ಮೇಲೆ ನೀನು ನಿಲ್ಲಬೇಕು ಎಂಬ ಚಿಂತೆ ಮಾತ್ರ ನನ್ನಿಂದ ಹೋಗುವುದಿಲ್ಲ. ಅದನ್ನು ಆಗಾಗ ಹೇಳುತ್ತೇನೆ, ನಾವು ಜಗಳವನ್ನೂ ಆಡುತ್ತೇವೆ. ಆಗ ಕುರ್ಚಿ ಎಳೆದು ಸದ್ದು ಮಾಡಿಯೇ ಎದ್ದು ಹೋಗು, ನನಗೆ ಬೇಸರವಿಲ್ಲ.

ನೋಟುಪುಸ್ತಕವನ್ನು ನಾನಾಗಿ ಮತ್ತೆ ಮುಟ್ಟುವುದಿಲ್ಲ. ಅವತ್ತು ಹೇಳದೆ ಓದಿದ್ದಕ್ಕೆ ಕ್ಷಮಿಸು.

ನಿನ್ನೆ ವರಾಂಡ ಗುಡಿಸುವಾಗ ಕಸಬರಿಕೆ ಅಭ್ಯಾಸಬಲದಿಂದ ಆ ಮೂಲೆಗೆ ಎತ್ತಿದ್ದೆ. ಎತ್ತಿದವಳು ಹಾಗೇ ನಿಂತೆ. ಜೇಡ ಬಲೆಯ ನಟ್ಟನಡುವೆ ತಲೆ ಕೆಳಗಾಗಿ ಕೂತಿತ್ತು. ಒಂದು ಕಡೆ ನಾಲ್ಕೈದು ಎಳೆ ಹರಿದಿದ್ದವು. ಅದನ್ನು ಹಾಗೇ ಬಿಟ್ಟು ಬಂದೆ. ರಾತ್ರಿ ದೀಪವನ್ನೂ ಆರಿಸಲಿಲ್ಲ. ಹತ್ತೂವರೆ ಹೊತ್ತಿಗೆ ನಿನ್ನ ಬಾಗಿಲು ತೆರೆದ ಸದ್ದು ಕೇಳಿಸಿತು. ನಾನು ಹೊರಗೆ ಬರಲಿಲ್ಲ.

ನಿನ್ನ
ಅಮ್ಮ