ಡಿಸೆಂಬರಿನಲ್ಲಿ ಕಟ್ಟ ಹಾಕಲು ಬಾ

ಪ್ರೀತಿಯ ಗೆಳೆಯಾ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಎರಡು ಎಕರೆ ಜಾಗ ಕೊಂಡು, ಕೊಳವೆಬಾವಿ ಕೊರೆಸಿ, ಸೋಲಾರ್ ಕೂರಿಸಿ, ಸುತ್ತ ಬೇಲಿ ಹಾಕಿ, ಇನ್ನು ಯಾರ ಹಂಗೂ ಇಲ್ಲದೆ ಬದುಕುತ್ತೇನೆ ಎಂದಿದ್ದೀಯ. ನಿನ್ನ ಆಸೆ ನನಗೆ ಅರ್ಥವಾಗುತ್ತದೆ. ಆ ಕೊನೆಯ ಮಾತು ಮಾತ್ರ ಮನಸ್ಸಿನಲ್ಲಿ ಚುಚ್ಚುತ್ತಿದೆ, ಏಕೆಂದರೆ ನಾನೂ ಹಾಗೆ ಬದುಕಿ ನೋಡಿದವನು.

ನಮ್ಮ ತೋಟದ ಕೆಳಗಿನ ಸಣ್ಣ ಹೊಳೆ, ಆ ತೋಡು ನಿನಗೆ ನೆನಪಿರಬಹುದು, ಕಾಲೇಜಿನ ರಜೆಯಲ್ಲಿ ಈಜಿದ್ದೆವು. ಮಳೆ ನಿಂತು ಹರಿವು ಸೊರಗಿದ ಮೇಲೆ ನೀರು ನಿಂತು ನೆಲಕ್ಕಿಂಗಲೆಂದು ಅಪ್ಪನ ಕಾಲದವರು ಪ್ರತಿ ವರ್ಷ ಅದಕ್ಕೆ ಅಡ್ಡಲಾಗಿ ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು, ಹಾಕುತ್ತಿದ್ದರು. ತೋಟ ನನ್ನ ಪಾಲಿಗೆ ಬಂದಾಗ ನಾನು ಮೊದಲು ಮಾಡಿದ್ದು ಕೊಳವೆಬಾವಿ. ಸ್ವಿಚ್ ಒತ್ತಿದರೆ ನೀರು! ಕಟ್ಟದ ಕೆಲಸಕ್ಕೆ ಕರೆ ಬಂದಾಗ 'ನನಗೆ ಬೇಕಾಗಿಲ್ಲ' ಎಂದುಬಿಟ್ಟೆ. ಆಚೆಮನೆಯವರೂ ಕೊರೆಸಿದರು, ಅವರೂ ಹೋಗಲಿಲ್ಲ. ಕಟ್ಟ ಹಾಕುವುದೇ ನಿಂತುಹೋಯಿತು. ಆಮೇಲೆ ಒಬ್ಬನ ಬಾವಿಗಿಂತ ಇನ್ನೊಬ್ಬನದು ಆಳ. ಒಂದು ಏಪ್ರಿಲಿನಲ್ಲಿ ನನ್ನ ಪಂಪಿನಿಂದ ಬರೀ ಗಾಳಿ ಬಂತು. ಅಡಿಕೆ ಸೋಗೆಗಳು ಹಳದಿಯಾಗಿ ಜೋತುಬಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಗಡಿಯಾಚೆ ಕಾಸರಗೋಡು ಜಿಲ್ಲೆಯ ಏತಡ್ಕದಲ್ಲಿ ಕಟ್ಟದ ಪರಂಪರೆಯನ್ನು ಉಳಿಸಿಕೊಂಡವರಿದ್ದಾರೆ. ಹೋಗಿ ನೋಡಿ ಬಂದೆವು. ಮರುವರ್ಷ ಹನ್ನೊಂದು ಮನೆಯವರು ತೋಡಿಗಿಳಿದೆವು. ಎರಡು ಸಾಲು ಕಲ್ಲು, ನಡುವೆ ಮಣ್ಣು, ಇಷ್ಟೇ ಕಟ್ಟ. ಆದರೆ ಮಣ್ಣನ್ನು ಸುರಿದು ಬಿಡುವಂತಿಲ್ಲ. ಬುಟ್ಟಿ ಬುಟ್ಟಿಯಾಗಿ ಹಾಕಿ, ಸಾಲಾಗಿ ನಿಂತು ಮೆಟ್ಟಬೇಕು. ಹಿಮ್ಮಡಿ ಎಲ್ಲಿ ಹೂತುಹೋಗುತ್ತದೋ ಅಲ್ಲಿಯೇ ನಾಳೆ ಸೋರುತ್ತದೆ. ಬುಡದಲ್ಲಿ ಏಡಿ ಕೊರೆದ ತೂತನ್ನು ತಣ್ಣೀರಿನಲ್ಲಿ ಕೈಯಾಡಿಸಿ ಹುಡುಕಿ ಮುಚ್ಚಬೇಕು. ಮೂರನೆಯ ದಿನ ಸಂಜೆ ನೀರು ಏರಿ, ಕಲ್ಲಿನ ಮೇಲಿಂದ ತೆಳ್ಳಗೆ ಜಾರತೊಡಗಿದಾಗ ಯಾರೂ ಮಾತಾಡಲಿಲ್ಲ. ಆ ಬೇಸಗೆಯಲ್ಲಿ ದಡದ ಬಾವಿಗಳೆಲ್ಲ ಚೇತರಿಸಿಕೊಂಡವು. ಕೆಲಸಕ್ಕೆ ಬಾರದಿದ್ದವರ ಬಾವಿಗಳೂ.

ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಹಿಂದೆ ಧಣಿಯ ಅಪ್ಪಣೆಗೆ ಒಕ್ಕಲುಗಳು ಕಟ್ಟ ಹಾಕುತ್ತಿದ್ದರು. ಒಲ್ಲೆ ಎನ್ನುವ ಬಾಯಿ ಅವರಿಗಿರಲಿಲ್ಲ. 1974ರ ಭೂಸುಧಾರಣೆಯ ಬಳಿಕ ಎಷ್ಟೋ ಒಕ್ಕಲುಗಳಿಗೆ ತಮ್ಮದೇ ಭೂಮಿ ಬಂತು. ಇವತ್ತು ತೋಡಿಗಿಳಿಯುವವರು ತಾವಾಗಿಯೇ ಇಳಿಯುತ್ತಾರೆ. ಅದಕ್ಕೇ ಅಪ್ಪನ ಕಾಲದ ಕಟ್ಟಕ್ಕಿಂತ ಈಗಿನದರ ಮೇಲೆ ನನಗೆ ಹೆಚ್ಚು ಅಭಿಮಾನ. ರಾತ್ರಿ ಕಟ್ಟ ಒಡೆಯಿತೆಂದು ಕೂಗಿದರೆ ಹಾರೆ ಹಿಡಿದು ಓಡಿ ಬರುವವರಿರುವ ಊರನ್ನೇ ನಾನು ಸ್ವಾವಲಂಬಿ ಊರೆನ್ನುತ್ತೇನೆ.

ಒಬ್ಬನೇ ಎಲ್ಲವನ್ನೂ ಮಾಡಬಹುದು ಎಂಬುದಕ್ಕೆ ನೀನು ಅಮೈ ಮಹಾಲಿಂಗ ನಾಯ್ಕರ ಮಾತೆತ್ತಿದ್ದೀಯ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಸೀಮೆಗೆಲ್ಲ ಹಬ್ಬ. ಅಡ್ಯನಡ್ಕದ ಬಳಿಯ ಬೋಳುಗುಡ್ಡದಲ್ಲಿ, ಹಗಲೆಲ್ಲ ಕೂಲಿ ಮಾಡಿ ಬಂದು, ಕತ್ತಲಾದ ಮೇಲೆ ದೀಪದ ಬೆಳಕಿನಲ್ಲಿ ನೀರಿಗಾಗಿ ಗುಡ್ಡದೊಳಕ್ಕೆ ಒಬ್ಬರೇ ಸುರಂಗ ಕೊರೆದವರು. ಒಂದಾದ ಮೇಲೊಂದು ಸುರಂಗ ಬರಡಾದರೂ ಬಿಡಲಿಲ್ಲ. ಕೊನೆಗೆ ಗುಡ್ಡದ ಹೊಟ್ಟೆಯಿಂದ ನೀರು ಪಂಪಿಲ್ಲದೆ ತಾನಾಗಿ ಹರಿದು ಬಂತು. ಅಂಥ ಛಲಕ್ಕೆ ಕೈಮುಗಿಯುತ್ತೇನೆ. ಆದರೆ ಆ ಗುಡ್ಡದ ಜಾಗವನ್ನು ಅವರಿಗೆ ಕೊಟ್ಟವರು ಅವರು ದುಡಿಯುತ್ತಿದ್ದ ತೋಟದ ಯಜಮಾನರು. ಇದರಿಂದ ನಾಯ್ಕರ ದುಡಿಮೆ ಒಂದಿಷ್ಟೂ ಸಣ್ಣದಾಗುವುದಿಲ್ಲ. ಅವರ ಕಥೆ ಹೇಳುವಾಗ ಇದನ್ನೂ ಸೇರಿಸಿ ಹೇಳು ಎಂದಷ್ಟೇ ನನ್ನ ಕೋರಿಕೆ.

ಜಾಗ ಖಂಡಿತ ಕೊಳ್ಳು. ನೋಂದಣಿಗೆ ಮೊದಲು ಅಲ್ಲಿನ ತೋಡು ಎಲ್ಲಿಂದ ಬರುತ್ತದೆ, ಮೇಲಿನ ತೋಟ ಯಾರದು, ಕೆಳಗಿನದು ಯಾರದು ಎಂದು ವಿಚಾರಿಸು. ಅವರ ಮನೆಗಳಿಗೆ ಹೋಗಿ ಕುಳಿತು ಮಾತಾಡು. ಬೇಲಿಯ ಹಣ ಸದ್ಯಕ್ಕೆ ಎತ್ತಿಡು.

ಡಿಸೆಂಬರಿನ ಮೊದಲ ಭಾನುವಾರ ನಮ್ಮ ಕಟ್ಟದ ಕೆಲಸ ಶುರು. ಶನಿವಾರ ರಾತ್ರಿಯೇ ಬಂದುಬಿಡು. ಹಳೆಯ ಪಂಚೆಯೊಂದನ್ನು ತಾ, ಮಣ್ಣು ಮೆಟ್ಟಲು ಈ ಸಲ ಜನ ಕಡಿಮೆಯಿದ್ದಾರೆ.

ನಿನ್ನ ದಾರಿ ಕಾಯುತ್ತಿರುವ,
ಗೆಳೆಯ