ಮಕ್ಕಳಿಗೆ ಎಂಆರ್‌ಐ ಇದ್ದರೆ ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ಮಗುವಿಗೆ ಎಂಆರ್‌ಐ (ಅಯಸ್ಕಾಂತದ ಬಲದಿಂದ ದೇಹದ ಒಳಗಿನ ಚಿತ್ರ ತೆಗೆಯುವ ಸ್ಕ್ಯಾನ್) ಬರೆದುಕೊಟ್ಟಿದ್ದಾರೆ, ಹೆದರುತ್ತಿದೆ, ಏನು ಮಾಡೋದು ಅಂತ ಇಲ್ಲಿ ಆಗಾಗ ಕೇಳುತ್ತೀರಿ. ಅದಕ್ಕೇ ಈ ಸೂಚನೆ.

ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯವರು ಇದಕ್ಕೆಂದೇ ಒಂದು ವಿಆರ್ (ವರ್ಚುವಲ್ ರಿಯಾಲಿಟಿ, ಅಂದರೆ ಅಲ್ಲೇ ಇದ್ದೇವೆ ಅನ್ನಿಸುವಂತೆ ಸುತ್ತಲೂ ದೃಶ್ಯ ತೋರಿಸುವ) ಆ್ಯಪ್ ಮಾಡಿದ್ದಾರೆ. ಫೋನನ್ನು ರಟ್ಟಿನ ಕನ್ನಡಕಕ್ಕೆ ಸಿಕ್ಕಿಸಿ ಹಾಕಿಕೊಂಡರೆ ಸ್ಕ್ಯಾನರ್ ಒಳಗೇ ಇದ್ದ ಹಾಗೆ ಕಾಣುತ್ತದೆ. ತಲೆ ತಿರುಗಿಸಿದ ಕಡೆಯೆಲ್ಲ ಕೊಳವೆಯ ಗೋಡೆ, ಕಿವಿಗೆ ಅದೇ ಟಕಟಕ ಸದ್ದು.

ಈ ಸದ್ದೇ ಮಕ್ಕಳನ್ನು ಜಾಸ್ತಿ ಕಂಗೆಡಿಸುವುದು, ಅಲ್ವಾ? 100 ಡೆಸಿಬೆಲ್ ದಾಟುವುದೂ ಉಂಟು, ಅದಕ್ಕೇ ಕಿವಿ ಮುಚ್ಚುತ್ತಾರೆ. ಮಗು ಅಲುಗಾಡಿದರೆ ಚಿತ್ರ ಮಸುಕಾಗುತ್ತದೆ. ಆಮೇಲೆ ಮತ್ತೆ ಮೊದಲಿಂದ, ಇಲ್ಲವೇ ಅರಿವಳಿಕೆ. ಮುಂಚೆಯೇ ನೋಡಿ ಕೇಳಿ ಅಭ್ಯಾಸವಾದ ಕೆಲವು ಮಕ್ಕಳಿಗೆ ಅರಿವಳಿಕೆ ಬೇಕಾಗುವುದಿಲ್ಲ. ಬೇಕೋ ಬೇಡವೋ ಡಾಕ್ಟರೇ ಹೇಳಬೇಕು.

ನಿಮ್ಮ ಆಸ್ಪತ್ರೆಯಲ್ಲಿ ವಿಆರ್ ಇಲ್ಲವಾ? ಯೂಟ್ಯೂಬ್‌ನಲ್ಲಿ ಎಂಆರ್‌ಐ ಸದ್ದು ಹಾಕಿ, ಊಟದ ಮೇಜಿನ ಕೆಳಗೆ ಮಲಗಿಸಿ, ಅಲ್ಲಾಡದೆ ಇರುವ ಆಟ ಆಡಿಸಿ. ನನ್ನ ಕೇಳಿದರೆ ಇದೂ ಕಮ್ಮಿಯೇನಲ್ಲ. ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಿ ಕಾಣಲು ಕೊಡುವ ಔಷಧ) ಕೊಡುವುದಾದರೆ ಸೂಜಿ ಚುಚ್ಚುತ್ತಾರೆ. ಏನೂ ನೋವಾಗಲ್ಲ ಅಂತ ಸುಮ್ನೆ ಸುಳ್ಳು ಹೇಳಬೇಡಿ.

ಫೋನ್, ಹೆಡ್‌ಸೆಟ್ ಎಲ್ಲ ಸ್ಕ್ಯಾನ್ ಕೋಣೆಯ ಹೊರಗೇ ಇರಲಿ. ಯಂತ್ರದೊಳಗಿನ ಅಯಸ್ಕಾಂತ ಯಾವಾಗಲೂ ಚಾಲೂ ಇರುತ್ತದೆ.