ಕಸಿಯ ಗಂಟಿನ ಕೆಳಗೆ

ಚಿಕ್ಕಮಗಳೂರು
ಶ್ರಾವಣ, ಭಾನುವಾರ

ಚಿ॥ ಸೌ॥ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಇತ್ತ ನಾನೂ ನಿನ್ನ ಅಮ್ಮನೂ ಕ್ಷೇಮ. ಅತ್ತ ನಿಮ್ಮ ಕ್ಷೇಮ ಸಮಾಚಾರ ಅಮ್ಮನ ಫೋನಿನಿಂದ ದಿನವೂ ತಿಳಿಯುತ್ತಿದೆ. ಹಾಸನಕ್ಕೂ ಇಲ್ಲಿಗೂ ಬಸ್ಸಿನಲ್ಲಿ ಎರಡು ಗಂಟೆಯ ದಾರಿ, ಕೈಯಲ್ಲಿ ಫೋನು ಬೇರೆ ಇದೆ, ಹೀಗಿರುವಾಗ ಇವರೇಕೆ ಕಾಗದ ಬರೆಯಲು ಕುಳಿತರು ಎಂದು ನಿನಗೆ ಅನ್ನಿಸಬಹುದು. ಈ ವಾರದಲ್ಲಿ ಎರಡು ಸಲ ನಿನಗೆ ಫೋನು ಮಾಡಿದೆ. ಎರಡು ಸಲವೂ ಮಳೆಯ ವಿಚಾರ, ಅಳಿಯಂದಿರ ಕೆಲಸದ ವಿಚಾರ ಮಾತಾಡಿ ಇಟ್ಟುಬಿಟ್ಟೆ. ಹೇಳಬೇಕಾದದ್ದು ಬಾಯಿಗೆ ಬರಲಿಲ್ಲ.

ಗುರುವಾರ ರಾತ್ರಿ ನೀನು ಅಮ್ಮನಿಗೆ ಕಳುಹಿಸಿದ ಫೋಟೊ ನೋಡಿದೆ. ನಿಂಬೆ ಗಿಡದ ಪಕ್ಕದಲ್ಲಿ ಮಗು ನಿಂತಿದೆ, ಗಿಡ ಅದರ ಭುಜದಷ್ಟು ಎತ್ತರಕ್ಕೆ ಹಸಿರಾಗಿ ಎದ್ದಿದೆ. ಅದರ ಕೆಳಗೆ ನೀನು, 'ಅಪ್ಪ ಮಾಡಿದ್ದೇ ಸರಿ, ಕತ್ತರಿಸಿದ ಮೇಲೆ ಹೇಗೆ ಬಂದಿದೆ ನೋಡಮ್ಮ' ಎಂದು ಬರೆದಿದ್ದೆ. ಗೃಹಪ್ರವೇಶವಾಗಿ ಮೂರು ತಿಂಗಳಾಯಿತು. ಅಷ್ಟು ದಿನದಿಂದ ನಿನ್ನ ಕಡೆಯಿಂದ ಅಂಥ ಒಂದು ಮಾತಿಗೆ ಕಾದಿದ್ದವನು ನಾನು. ಅಮ್ಮ ಅದನ್ನು ಗಟ್ಟಿಯಾಗಿ ಓದಿದಾಗ, ಸುಳ್ಳೇಕೆ ಹೇಳಲಿ, ಬೀಗಿದೆ. ಇನ್ನೊಮ್ಮೆ ಓದು ಎಂದೆ. ಆಮೇಲೆ ಕನ್ನಡಕ ಹಾಕಿಕೊಂಡು, ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ಗಿಡವನ್ನೇ ನೋಡಿದೆ.

ಅದು ನಿಂಬೆಯಲ್ಲ, ಪುಟ್ಟಿ.

ನೀನು ತಂದದ್ದು ಕಸಿ ಗಿಡ. ನರ್ಸರಿಗಳಲ್ಲಿ ಜಂಬೇರಿ ಎಂದು ಕರೆಯುವ ಒರಟು ನಿಂಬೆಯ ಸಸಿಯನ್ನು ಬೇರಿಗಾಗಿ ಬೆಳೆಸಿ, ಅದರ ಮೇಲೆ ಕಾಗ್ಜಿ ನಿಂಬೆಯ ಒಂದು ಕಣ್ಣನ್ನು, ಅಂದರೆ ಚಿಗುರೊಡೆಯುವ ಮೊಗ್ಗನ್ನು, ಕೂರಿಸಿರುತ್ತಾರೆ. ನೆಲದಿಂದ ಒಂದು ಗೇಣಿನ ಆಸುಪಾಸಿನಲ್ಲಿ ಕಾಂಡ ಸ್ವಲ್ಪ ಉಬ್ಬಿ ಡೊಂಕಾಗಿರುತ್ತದಲ್ಲ, ಅದೇ ಕಸಿಯ ಗಂಟು. ಗಂಟಿನ ಮೇಲೆ ಬರುವುದೆಲ್ಲ ನಿಂಬೆ, ಕೆಳಗಿನಿಂದ ಬರುವುದೆಲ್ಲ ಜಂಬೇರಿ. ಜಂಬೇರಿಯ ಚಿಗುರಿಗೆ ಸೊಕ್ಕು ಹೆಚ್ಚು. ಅದನ್ನು ಆಗಾಗ ತೆಗೆಯದಿದ್ದರೆ ಬೇರಿನ ಸಾರವನ್ನೆಲ್ಲ ತಾನೇ ಹೀರಿ ಮೇಲಿನ ನಿಂಬೆಯನ್ನು ಸೊರಗಿಸಿಬಿಡುತ್ತದೆ. ನಿನ್ನ ಫೋಟೊದಲ್ಲಿರುವ ಎಲೆಗಳು ಅಗಲವಾಗಿ, ತುದಿ ಚೂಪಾಗಿವೆ. ಎಳೆಯ ಕುಡಿಗಳಲ್ಲಿ ನೇರಳೆ ಬಣ್ಣದ ಛಾಯೆ ಇದೆ. ಕಾಗ್ಜಿಯ ಎಲೆ ಅದರ ಅರ್ಧದಷ್ಟೂ ಇರುವುದಿಲ್ಲ. ಅಂದರೆ ಗೃಹಪ್ರವೇಶ ಮುಗಿದ ಮೇಲೆ ಆ ಬೆಳಿಗ್ಗೆ ನಾನು ಉಳಿಸಬೇಕಾದದ್ದನ್ನು ಕತ್ತರಿಸಿ, ಕತ್ತರಿಸಬೇಕಾದದ್ದನ್ನು ಉಳಿಸಿ ಬಂದಿದ್ದೇನೆ.

ಆ ಬೆಳಿಗ್ಗೆ ಆಮೇಲೆ ನಡೆದ ಮಾತುಗಳು ನಿನಗೂ ನೆನಪಿವೆ, ನನಗೂ ನೆನಪಿವೆ. ಅವನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಅದಕ್ಕೆ ಮುಂಚಿನ ಅರ್ಧ ಗಂಟೆ ನಿನಗೆ ಗೊತ್ತಿಲ್ಲ, ಏಕೆಂದರೆ ನೀವೆಲ್ಲ ಇನ್ನೂ ಮಲಗಿದ್ದಿರಿ. ಐದೂವರೆ ಇರಬೇಕು. ಹಿಂದಿನ ದಿನ ಚಪ್ಪರ ಬಿಚ್ಚಿದವರು ಬಿಟ್ಟು ಹೋದ ಸಣ್ಣ ಕತ್ತಿಯೊಂದು ಸಂಪಿನ ಮುಚ್ಚಳದ ಮೇಲಿತ್ತು. ಗಿಡದಲ್ಲಿ ಎರಡು ಕೊಂಬೆಗಳಿದ್ದವು: ಒಂದು ತೆಳ್ಳಗೆ, ಬಾಗಿ, ಎಲೆಗಳು ಅಲ್ಲಲ್ಲಿ ಸುರುಟಿಕೊಂಡಿದ್ದವು, ಇನ್ನೊಂದು ಬುಡದ ಹತ್ತಿರದಿಂದಲೇ ನೆಟ್ಟಗೆ, ಕೋಲಿನ ಹಾಗೆ ಎದ್ದಿತ್ತು. ಹಿಂದಿನ ಸಂಜೆ ಮಗು ಚೆಂಡು ಹೆಕ್ಕಲು ಬಗ್ಗಿದಾಗ ಆ ಬಾಗಿದ ಕೊಂಬೆಯ ಮುಳ್ಳು ಅದರ ಕಣ್ಣಿನ ಪಕ್ಕದಲ್ಲೇ ಹಾದುಹೋದದ್ದನ್ನು ನೋಡಿದ್ದೆ. ರಾತ್ರಿಯೆಲ್ಲ ಅದೇ ಯೋಚನೆ. ಬಾಗಿದ್ದು ಹೋಗಲಿ, ನೆಟ್ಟಗಿರುವುದು ಉಳಿಯಲಿ ಎಂದುಕೊಂಡು, ಗಾಯ ಚೊಕ್ಕಟವಾಗಿರಬೇಕೆಂದು ಗಂಟಿನ ಕೆಳಗೇ ಓರೆಯಾಗಿ ಒಂದೇ ಏಟಿಗೆ ತೆಗೆದೆ. ಏಟು ಬಹಳ ಚೆನ್ನಾಗಿಯೇ ಬಿದ್ದಿತ್ತು. ಸಿಪ್ಪೆ ಒಂದಿಷ್ಟೂ ಸೀಳಿರಲಿಲ್ಲ. ಕನ್ನಡಕ ಒಳಗೆ ದೇವರ ಮನೆಯ ಗೂಡಿನಲ್ಲಿತ್ತು. ಗಂಟು ನನಗೆ ಕಾಣಲಿಲ್ಲ ಎಂದು ಬರೆಯಲು ಹೊರಟೆ, ಆದರೆ ಅದು ಪೂರ್ತಿ ನಿಜವಲ್ಲ. ಬೆರಳಿಗೆ ಏನೋ ಉಬ್ಬು ತಗುಲಿತ್ತು. ಹಳೆಯ ಗಾಯವಿರಬೇಕು ಎಂದುಕೊಂಡೆ. ಎರಡೂ ಕೊಂಬೆಯಿಂದ ಒಂದೊಂದು ಎಲೆ ಕಿತ್ತು, ಹಿಸುಕಿ ಮೂಸಿದ್ದರೆ ಸಾಕಿತ್ತು. ಕತ್ತಲಲ್ಲಿಯೂ ಮೂಗು ಸುಳ್ಳು ಹೇಳುತ್ತಿರಲಿಲ್ಲ. ಮೂಸಲಿಲ್ಲ.

ಮೂವತ್ತೊಂದು ವರ್ಷ ಕಾಫಿ ಎಸ್ಟೇಟಿನಲ್ಲಿ ಆಳುಗಳ ಕೆಲಸ ನೋಡಿಕೊಳ್ಳುವ ರೈಟರ್ ಆಗಿದ್ದವನು ನಾನು. ಕಾಫಿ ಗಿಡದಲ್ಲಿ ನೆಟ್ಟಗೆ ಏಳುವ ಕಂಬಚಿಗುರು ತೆಗೆಸುವುದು, ಕೊಂಬೆ ಸವರಿ ಕಪಾತು ಮಾಡಿಸುವುದು, ಎರಡೂವರೆ ಅಡಿಗೆ ಅರೇಬಿಕಾದ ತಲೆ ಚಿವುಟಿಸುವುದು ನನ್ನ ದಿನನಿತ್ಯದ ಕೆಲಸವಾಗಿತ್ತು. ಒಂದು ವರ್ಷ ಹೊಸದಾಗಿ ಸೇರಿದ ಹುಡುಗನೊಬ್ಬ ಕಂಬಚಿಗುರನ್ನು ಉಳಿಸಿ ಒಳ್ಳೆಯ ರೆಕ್ಕೆಯನ್ನೇ, ಕಾಯಿ ಬಿಡುವ ಅಡ್ಡಕೊಂಬೆಯನ್ನೇ, ಕತ್ತರಿಸಿದ್ದಕ್ಕೆ ಎಲ್ಲರ ಎದುರು ನಿಲ್ಲಿಸಿ ಬೈದಿದ್ದೆ. ಅವನ ಮುಖ ಈ ನಾಲ್ಕು ದಿನಗಳಿಂದ ನೆನಪಾಗುತ್ತಿದೆ. ಗುರುವಾರ ರಾತ್ರಿ ಅಮ್ಮನಿಗೆ ವಿಷಯ ಹೇಳಿದಾಗ ಅವಳು ನಕ್ಕುಬಿಟ್ಟಳು, 'ಜಂಬೇರಿಯೋ ನಿಂಬೆಯೋ, ಹುಳಿ ಇದ್ದರಾಯಿತು' ಎಂದಳು. ಹಾಗಲ್ಲ ಅದು. ಬಿಟ್ಟರೆ ಅದು ಹನ್ನೆರಡು ಹದಿನೈದು ಅಡಿ ಏರಿ ನಿನ್ನ ಕಾಂಪೌಂಡನ್ನು ತುಂಬುತ್ತದೆ. ಕಾಯಿ ದಪ್ಪ ಸಿಪ್ಪೆಯದು, ಬೀಜವೇ ಹೆಚ್ಚು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಅಂಥ ಸೊಕ್ಕಿನ ಎಳೆ ಚಿಗುರಿನಲ್ಲಿ ಮುಳ್ಳು ಇನ್ನೂ ಉದ್ದ. ಫೋಟೊದಲ್ಲಿ ಮಗುವಿನ ಕೈ ಇರುವ ಕಡೆ ನಾಲ್ಕು ಮುಳ್ಳುಗಳನ್ನು ಎಣಿಸಿದೆ. ಮುಳ್ಳಿಗೆ ಹೆದರಿ ಕತ್ತಿ ಹಿಡಿದವನು ಅದಕ್ಕಿಂತ ದೊಡ್ಡ ಮುಳ್ಳನ್ನು ಬೆಳೆಸಿಟ್ಟು ಬಂದ ಹಾಗಾಯಿತು. ಈ ಕಾಗದ ತಲುಪಿದ ದಿನವೇ, ಉಗುರು ಕತ್ತರಿಸುವ ಕಟರಿನಿಂದ ಕೈಗೆಟಕುವ ಮುಳ್ಳುಗಳ ತುದಿಯನ್ನೆಲ್ಲ ಚಿವುಟಿಬಿಡು. ಗಿಡಕ್ಕೆ ಏನೂ ಆಗುವುದಿಲ್ಲ.

ಇನ್ನು ಮಾಡಬೇಕಾದದ್ದೇನು? ಅದೇ ಜಂಬೇರಿಯ ಮೇಲೆ ಮತ್ತೆ ನಿಂಬೆಯ ಕಣ್ಣು ಕೂರಿಸಬಹುದು, ಬೇರು ಹೇಗೂ ಗಟ್ಟಿಯಾಗಿದೆ. ಆದರೆ ಕಣ್ಣು ಕಸಿ ಮಾಡುವವನಿಗೆ ಮೊದಲು ತನ್ನ ಕಣ್ಣು ನೆಟ್ಟಗಿರಬೇಕು; ಆ ಕೆಲಸಕ್ಕೆ ನಾನು ಬರುವುದಿಲ್ಲ. ಬೀಜದಿಂದಲೂ ಮಾಡಬಹುದು. ಕಾಗ್ಜಿಯ ಒಂದೇ ಬೀಜದಿಂದ ಎರಡು ಮೂರು ಸಸಿ ಏಳುವುದುಂಟು, ಅವುಗಳಲ್ಲಿ ಹೆಚ್ಚಿನವು ತಾಯಿ ಗಿಡದ ಪಡಿಯಚ್ಚಾಗಿಯೇ ಬರುತ್ತವೆ. ಕಾಯಿಗೆ ಮಾತ್ರ ನಾಲ್ಕೈದು ವರ್ಷ ಕಾಯಬೇಕು. ಮೂರನೆಯದು ಗೂಟಿ. ನಮ್ಮ ಹಿತ್ತಲಿನ ನಿಂಬೆಯಲ್ಲಿ ಜೂನ್ ತಿಂಗಳಲ್ಲಿ ಎರಡು ಗೂಟಿ ಕಟ್ಟಿದ್ದೆ, ಪಕ್ಕದ ಮನೆಯವರು ಕೇಳಿದ್ದರೆಂದು. ಬೆರಳುಗಾತ್ರದ ಕೊಂಬೆಯಲ್ಲಿ ಒಂದಂಗುಲ ಸಿಪ್ಪೆಯನ್ನು ಉಂಗುರದಂತೆ ತೆಗೆದು, ಒದ್ದೆ ಪಾಚಿ ಸುತ್ತಿ, ಪ್ಲಾಸ್ಟಿಕ್ಕಿನಿಂದ ಬಿಗಿದರೆ ಎರಡು ತಿಂಗಳೊಳಗೆ ಬೇರು ಬಿಡುತ್ತದೆ. ನಿನ್ನೆ ನೋಡಿದಾಗ ಒಂದರಲ್ಲಿ ಪ್ಲಾಸ್ಟಿಕ್ಕಿಗೆ ಒತ್ತಿಕೊಂಡು ಬಿಳಿಯ ಬೇರುಗಳು, ಶಾವಿಗೆಯ ಎಳೆಗಳ ಹಾಗೆ, ಕಾಣುತ್ತಿದ್ದವು. ಗೂಟಿ ಗಿಡಕ್ಕೆ ಕಸಿಯ ಗಂಟಿರುವುದಿಲ್ಲ. ಬುಡದಿಂದ ಏನು ಚಿಗುರಿದರೂ ಅದು ನಿಂಬೆಯೇ. ತಾಯಿಬೇರು ಇಲ್ಲದ್ದರಿಂದ ಗಾಳಿಗೆ ಅಲುಗಾಡುತ್ತದೆ, ಮೊದಲೆರಡು ವರ್ಷ ಊರುಗೋಲು ಕೊಡಬೇಕು, ಅಷ್ಟೇ. ಪಕ್ಕದ ಮನೆಯವರಿಗೆ ಮುಂದಿನ ವರ್ಷ ನೋಡೋಣ ಎಂದು ಹೇಳಿಯಾಗಿದೆ.

ನಿನಗೆ ಬೇಕಾದರೆ ಮಾತ್ರ. ಜಂಬೇರಿಯನ್ನು ತೆಗೆಯುವುದೋ ಬಿಡುವುದೋ ನೀನು ನಿರ್ಧರಿಸು, ನಾನು ಅದನ್ನು ಮುಟ್ಟುವುದಿಲ್ಲ.

ಬೇಕು ಎನ್ನುವುದಾದರೆ ಈಗಲೇ ಒಂದೆರಡು ಮಾತು ತಿಳಿದುಕೊಂಡಿರು. ಗೂಟಿಯನ್ನು ಕತ್ತರಿಸಿ ತಂದ ಮೇಲೆ ಒಂದೆರಡು ತಿಂಗಳು ಚೀಲದಲ್ಲಿ, ನೆರಳಿನಲ್ಲಿ ಇಟ್ಟು, ಮಳೆ ಕಡಿಮೆಯಾದ ಮೇಲೆ ನೆಲಕ್ಕೆ ಹಾಕಬೇಕು. 30×40ರ ಸೈಟಿನಲ್ಲಿ ನಿನಗೆ ಉಳಿದಿರುವುದು ಆ ಎಂಟು ಹತ್ತು ಅಡಿಯ ಮೂಲೆ ತಾನೆ. ಈಗಿನ ಗಿಡ ನೀರಿನ ಸಂಪಿನ ತೀರ ಹತ್ತಿರವಿದೆ. ಸಂಪಿನಿಂದಲೂ ಗೋಡೆಯಿಂದಲೂ ನಾಲ್ಕು ಅಡಿ ಬಿಟ್ಟು, ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಕಡೆ ಎರಡಡಿ ಉದ್ದ, ಅಗಲ, ಆಳದ ಗುಂಡಿ ತೆಗೆಸು. ಮನೆ ಕಟ್ಟಿದವರು ಅಲ್ಲಿ ಸಿಮೆಂಟು ಜಲ್ಲಿ ಹೂತಿದ್ದಾರೆ, ಅದನ್ನೆಲ್ಲ ತೆಗೆದು ಒಳ್ಳೆಯ ಕೆಮ್ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ ತುಂಬಿಸು. ಬುಡದಲ್ಲಿ ಮಣ್ಣು ಸ್ವಲ್ಪ ದಿಬ್ಬವಾಗಿರಲಿ, ನೀರಿನ ಪಾತಿ ಅದರ ಸುತ್ತ ಉಂಗುರದಂತೆ ಇರಲಿ. ಕಾಂಡಕ್ಕೆ ನೀರು ನಿಂತರೆ ಸಿಪ್ಪೆ ಕೊಳೆತು ಅಂಟು ಸುರಿಯುತ್ತದೆ. ನಿಂಬೆ ಬಾಯಾರಿಕೆಯಿಂದ ಸಾಯುವುದಕ್ಕಿಂತ ಹೀಗೆ ಬುಡ ಕೊಳೆತು ಸಾಯುವುದೇ ಹೆಚ್ಚು.

ಗಿಡ ಪುಟ್ಟದಾಗಿಯೇ ಇರಬೇಕೆಂಬ ನಿನ್ನ ಆಸೆಯಲ್ಲಿ ತಪ್ಪೇನಿಲ್ಲ. ಎಸ್ಟೇಟಿನಲ್ಲಿ ನಾವು ಕಾಫಿಯನ್ನು ಕೈಗೆಟಕುವ ಎತ್ತರದಲ್ಲಿ ಇಟ್ಟುಕೊಳ್ಳುತ್ತಿದ್ದುದೂ ಅದಕ್ಕೇ. ಎರಡಡಿ ಬೆಳೆದಾಗ ತುದಿ ಚಿವುಟು. ಪಕ್ಕದಿಂದ ಒಡೆಯುವ ಚಿಗುರುಗಳಲ್ಲಿ ಬೇರೆ ಬೇರೆ ದಿಕ್ಕಿನ ಮೂರು ನಾಲ್ಕನ್ನು ಉಳಿಸಿಕೋ. ನಡುವೆ ನೆಟ್ಟಗೆ ಏಳುವ ನೀರು ಚಿಗುರನ್ನು ಎಳೆಯದಾಗಿರುವಾಗಲೇ ಬೆರಳಿನಿಂದ ಮುರಿದುಹಾಕು. ಒಳಗೆ ಗಾಳಿ ಬೆಳಕು ಆಡಲಿ. ಐದಾರು ಅಡಿಗಿಂತ ಮೇಲೆ ಬಿಡಬೇಡ. ಆದರೆ ಬೇಲಿ ಕತ್ತರಿಸಿದ ಹಾಗೆ ಸುತ್ತಲೂ ಸಮನಾಗಿ ಕತ್ತರಿಸಿದರೆ ಹೂವು ಬರುವ ಕುಡಿಗಳೇ ಹೋಗುತ್ತವೆ. ಹೂವಾಗಿ ಕಾಯಿ ಕೈಗೆ ಬರಲು ಐದಾರು ತಿಂಗಳು ಬೇಕು. ಒಂದು ದಿನದ ಕತ್ತರಿಯಿಂದ ಅರ್ಧ ವರ್ಷದ ಕಾಯಿ ಹೋಗಿಬಿಡುತ್ತದೆ. ಒಂದು ಸಲಕ್ಕೆ ಸ್ವಲ್ಪವೇ, ಕಾಯಿ ಕೊಯ್ದಾದ ಮೇಲೆ, ಬಿಸಿಲು ಇರುವ ದಿನ. ಒಂದೇ ಏಟಿಗೆ ಎಲ್ಲವನ್ನೂ ತೆಗೆಯಬಾರದು. ಇದನ್ನು ನಾನು ಬರೆಯುತ್ತಿದ್ದೇನೆ, ನೋಡು.

ಮಳೆಯಲ್ಲಂತೂ ಕತ್ತರಿ ಮುಟ್ಟಲೇಬೇಡ. ಜೋರಾಗಿ ಕತ್ತರಿಸಿದರೆ ಒಮ್ಮೆಲೇ ಎಳೆ ಚಿಗುರು ಬರುತ್ತದೆ, ಎಳೆ ಚಿಗುರಿಗೆ ಎಲೆಯೊಳಗೆ ರಂಗೋಲಿ ಎಳೆಯುವ ಸುರಂಗದ ಹುಳು ಬರುತ್ತದೆ, ಅದು ಮಾಡಿದ ಗಾಯದೊಳಕ್ಕೆ ಮಳೆಹನಿಯ ಜೊತೆ ಕಜ್ಜಿ ರೋಗ ಇಳಿಯುತ್ತದೆ. ವಿಜಯಪುರದ ಕಡೆ ಇಂಡಿ ಎಂಬ ಊರಿನ ನಿಂಬೆಗೆ ಅಷ್ಟು ಹೆಸರು ಬಂದಿರುವುದು ಒಣ ಸೀಮೆಯಲ್ಲಿ. ನಮ್ಮ ಕಡೆಯ ತೇವದಲ್ಲಿ ಈ ಕಜ್ಜಿ ಸುಲಭವಾಗಿ ಬಿಡುವುದಿಲ್ಲ. ಮುಂಗಾರಿಗೆ ಮೊದಲೊಮ್ಮೆ ಬೋರ್ಡೋ ದ್ರಾವಣ ಹೊಡೆ. ನಿನ್ನ ಒಂದು ಗಿಡಕ್ಕೆ ಒಂದು ಲೀಟರ್ ಸಾಕು: ಹತ್ತು ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರಿನಲ್ಲಿ, ಹತ್ತು ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದು ಕಲಕು. ಕಬ್ಬಿಣದ ಚಾಕು ಅದ್ದಿದಾಗ ಅದರ ಮೇಲೆ ಕೆಂಪು ಬಣ್ಣ ಕೂತರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಮಗುವನ್ನು ಆ ದಿನ ಅಲ್ಲಿ ಬಿಡಬೇಡ. ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳುಗಳು ಎಲೆಯ ಮೇಲೆ ಕಂಡರೆ ಮಾತ್ರ ಕರೆದು ತೋರಿಸು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲೊಂದನ್ನು ಚಾಚಿ ವಾಸನೆ ಬಿಡುತ್ತವೆ. ಒಂದೆರಡನ್ನು ಕರಿಬೇವಿನ ಗಿಡಕ್ಕೆ ಸಾಗಿಸಿದರೆ ಅಲ್ಲಿ ತಿಂದುಕೊಂಡು ಚಿಟ್ಟೆಯಾಗುತ್ತವೆ, ಉಳಿದವನ್ನು ಹೆಕ್ಕಿ ಎಸೆ. ಎಲೆಯ ನರಗಳು ಹಸಿರಾಗಿಯೇ ಇದ್ದು ನಡುವೆ ಹಳದಿಯಾದರೆ ಸತುವಿನ ಕೊರತೆ. ಅದಕ್ಕೆ ಲೀಟರಿಗೆ ಐದು ಗ್ರಾಂ ಜಿಂಕ್ ಸಲ್ಫೇಟು, ಅದರರ್ಧ ಸುಣ್ಣ.

ಒಂದೆರಡು ಮಾತು ಎಂದು ಹೊರಟವನು ಎಲ್ಲಿಗೆ ಬಂದೆ ನೋಡು. ನಿನ್ನ ಅಮ್ಮ ಈ ಕಾಗದ ನೋಡಿದರೆ, 'ಕ್ಷಮೆ ಕೇಳಲು ಹೋಗಿ ಮತ್ತೆ ರೈಟರ್ ಆದಿರಿ' ಎನ್ನುತ್ತಾಳೆ. ನೀನು ನಿನ್ನ ಸಾಲದಲ್ಲಿ, ನಿನ್ನ ಸಂಬಳದಲ್ಲಿ ಮನೆ ಕಟ್ಟಿ, ಆ ಚೂರು ಜಾಗದಲ್ಲಿಯೂ ಗಿಡ ಬೇಕು ಎಂದು ಹುಡುಕಿ ತಂದು ನೆಟ್ಟೆಯಲ್ಲ, ಅದನ್ನು ನೋಡಿದ ಮೊದಲ ದಿನವೇ ನನಗೆ ಹೇಳಬೇಕು ಎನ್ನಿಸಿದ್ದು ಬೇರೆ ಮಾತು. ಅದನ್ನು ಹೇಳುವ ಬದಲು ಸಂಪಿನ ಜಾಗ ಸರಿಯಿಲ್ಲ ಎಂದೆ. ಕೇಳದೆ ನಿನ್ನ ಗಿಡಕ್ಕೆ ಕತ್ತಿ ಹಾಕಿದ್ದು ಒಂದು ತಪ್ಪು, ತಪ್ಪು ಕೊಂಬೆಗೆ ಹಾಕಿದ್ದು ಇನ್ನೊಂದು. ನೀನು ಮೊದಲನೆಯದಕ್ಕೆ ಸಿಟ್ಟು ಮಾಡಿಕೊಂಡು, ಎರಡನೆಯದಕ್ಕೆ ನನ್ನನ್ನು ಹೊಗಳಿದೆ. ಎರಡಕ್ಕೂ ಕ್ಷಮಿಸು.

ಕಣ್ಣಿನ ಪೊರೆಯ ವಿಚಾರ ನೀನು ಯುಗಾದಿಯಿಂದ ಹೇಳುತ್ತಲೇ ಇದ್ದೆ. ಬುಧವಾರ ಅಮ್ಮನ ಜೊತೆ ತೋರಿಸಲು ಹೋಗುತ್ತಿದ್ದೇನೆ. ಅಳಿಯಂದಿರ ಎದುರು ಇದನ್ನು ದೊಡ್ಡದು ಮಾಡಿ ಹೇಳಬೇಡ.

ಇನ್ನೊಂದು ಫೋಟೊ ಕಳುಹಿಸು. ಈ ಸಲ ಮಗು ದೂರ ನಿಲ್ಲಲಿ. ಕಾಂಡದ ಬುಡದಿಂದ ಒಂದು ಗೇಣು ಮಾತ್ರ, ಹತ್ತಿರದಿಂದ, ಬೆಳಕಿನಲ್ಲಿ ತೆಗೆ. ನಾನು ಕತ್ತರಿಸಿದ ಮೋಟಿನಲ್ಲಿ ಎಲ್ಲಾದರೂ ಗಂಟಿನ ಒಂದು ಅಂಚು ಉಳಿದಿದೆಯೋ, ಅಲ್ಲಿಂದ ಸಣ್ಣ ಎಲೆಯ ಕುಡಿಯೇನಾದರೂ ಒಡೆದಿದೆಯೋ ನೋಡಬೇಕು. ಒಡೆದಿರಲಾರದು. ಆದರೂ ಕಳುಹಿಸು.

ನಿನ್ನ
ಅಪ್ಪ